ಗೋಡೆಗೆ ಉಡಿಸಿದ ತೇಗ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಸುತ್ತಿಗೆಯ ಪೆಟ್ಟಿಗೆ ಅಲುಗಾಡೀತೆಂದು ಪಡಸಾಲೆಯ ಗಡಿಯಾರವನ್ನು ಮೊಳೆಯಿಂದ ಬಿಡಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅದರ ಗಾಜಿನ ಮೇಲೆ ಮಣ್ಣು ಉದುರಿತು. ಚಿಟಿಕೆಯಷ್ಟು. ಅಂಗಿಯ ತೋಳಿನಿಂದ ಒರೆಸಿದೆ. ಮತ್ತೆ ಉದುರಿತು.

"ಮಣ್ಣು ಬೀಳಾಕತ್ತೈತಿ ಮೇಸ್ತ್ರಿ," ಎಂದೆ.

"ಮ್ಯಾಲೆ ಮಾಳಿಗಿಗೆ ಸವಳು ಮಣ್ಣು ಹಾಕಿ ತುಳಿಯಾಕತ್ತಾರ. ಬೀಳಲಾರದ ಏನು ಮಾಡ್ತೈತಿ?" ಬಡಗಿ ಮೇಸ್ತ್ರಿ ತಲೆ ಎತ್ತದೆಯೇ ಹೇಳಿದರು.

ಸರಿಯೆನಿಸಿತು. ಗಡಿಯಾರವನ್ನು ಒಳಗಿನ ಕೋಣೆಯಲ್ಲಿ ಇಟ್ಟು ಬರಲು ಹೊರಟೆ.

ಅದು ಆದೋನಿಯ ಹತ್ತಿ ವ್ಯಾಪಾರಿಯೊಬ್ಬರ ಮನೆ. ಆಂಧ್ರ ರಾಜ್ಯವಾಗಿ ಕಚೇರಿಯ ಕಾಗದಗಳೆಲ್ಲ ತೆಲುಗಿಗೆ ತಿರುಗುತ್ತಿದ್ದ ಕಾಲ. ಮದ್ರಾಸಿನಲ್ಲಿ ಕಟ್ಟಡವಿದ್ಯೆ ಓದಿ ಬಂದಿದ್ದ ನಾನು ಊರಿನ ಗುತ್ತಿಗೆದಾರರೊಬ್ಬರ ಕೈಕೆಳಗೆ ಓವರ್ಸೀಯರ್ ಆಗಿದ್ದೆ. ಈ ಮನೆಯಲ್ಲಿ ನನ್ನ ಕೆಲಸ ನಕ್ಷೆ ಬರೆಯುವುದು, ಬಡಗಿಗಳಿಗೆ ಬೇಕಾದದ್ದನ್ನು ಒದಗಿಸುವುದು.

ಮನೆಯ ಗೋಡೆಗಳಿಗೆ ಸವಳಿನ ಕಾಟವಿತ್ತು. ನೆಲದ ಉಪ್ಪು ತೇವದೊಡನೆ ಏರಿ ಎದೆಮಟ್ಟದ ತನಕ ಗಾರೆಯನ್ನು ತಿಂದು ಪುಡಿ ಮಾಡುತ್ತಿತ್ತು. ನಮ್ಮ ಕಡೆ ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಕಾರಣೆ ಬಳಿದು, ಅದರ ಮೇಲಂಚಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಈ ಮನೆಯಲ್ಲಿ ಒಂದು ಹಬ್ಬಕ್ಕೆ ಬಳಿದದ್ದು ಮುಂದಿನ ಹಬ್ಬ ಬರುವುದರೊಳಗೆ ಹಪ್ಪಳದಂತೆ ಎದ್ದು ಬೀಳುತ್ತಿತ್ತು. ಸಾವ್ಕಾರರು ಮುಂಬಯಿಯ ದಲಾಲರ ಕಚೇರಿಯಲ್ಲಿ ಗೋಡೆಯ ಕೆಳಭಾಗಕ್ಕೆ ತೇಗದ ಹಲಗೆ ಹೊದಿಸಿದ್ದನ್ನು ಕಂಡು ಬಂದಿದ್ದರು. ಮಗಳ ನಿಶ್ಚಿತಾರ್ಥಕ್ಕೆ ಬೀಗರು ಬರುವುದರೊಳಗೆ ತಮ್ಮ ಪಡಸಾಲೆಯೂ ಹಾಗೆ ಆಗಬೇಕೆಂದು ಅವರ ಆಸೆ.

ಅವರ ತಾಯಿಗೆ ಇದು ಹಿಡಿಸಿರಲಿಲ್ಲ. ಹಣೆ ತುಂಬ ವಿಭೂತಿ ಧರಿಸಿ, ತೂಗುಮಣೆಯ ಮೇಲೆ ಕೂತು, ಬರುವ ಪ್ರತಿ ಹಲಗೆಯನ್ನೂ ನೋಡಿ ಅನ್ನುತ್ತಿದ್ದರು: "ಕಾರಣಿ ಬಳದ್ರ ಮನಿ, ಹಲಗಿ ಬಡದ್ರ ಕಚೇರಿ. ನಾಳೆ ಬೀಗರು ಬಂದು ನನ್ನ ಕೈಯಾಗ ಅರ್ಜಿ ಕೊಡ್ತಾರ ನೋಡ್ರಿ."

ಬಡಗಿಗಳು ಇಬ್ಬರು, ಪೆದ್ದಕಡುಬೂರಿನವರು. ಮೇಸ್ತ್ರಿ ಐವತ್ತು ದಾಟಿದವರು. ಇನ್ನೊಬ್ಬ ಅವರ ಅಕ್ಕನ ಮಗ. ಮಗಳನ್ನು ಅವನಿಗೇ ಕೊಟ್ಟಿದ್ದರಿಂದ ಎರಡು ಕಡೆಯಿಂದಲೂ ಅಳಿಯ. ಮೂವತ್ತರ ಆಸುಪಾಸು, ತೆಳ್ಳಗಿನ ಆಳು. ಬಾಯಿ ಮಾತ್ರ ತೆಳ್ಳಗಿರಲಿಲ್ಲ. ಮೊದಲ ದಿನ ನಾನು ನಕ್ಷೆ ಬಿಚ್ಚಿ, ಸಾಲಾಗಿ ಚೌಕದ ಹಲಗೆಗಳು, ಮೇಲಂಚಿನ ಪಟ್ಟಿಯಲ್ಲಿ ಹತ್ತಿಕಾಯಿಯ ಬಳ್ಳಿ ಎಂದು ವಿವರಿಸುತ್ತಿದ್ದೆ. ಅವನು ಕೇಳಿಸಿಕೊಂಡು, "ತಿಳೀತ್ರಿ ಓವರ್ಸೀರಪ್ಪಾ. ಗ್ವಾಡಿಗೆ ಧೋತರ ಉಡಸಬೇಕು, ಅದಕ್ಕ ಜರಿ ಅಂಚು ಹಚ್ಚಬೇಕು, ಅಷ್ಟ ಹೌದಲ್ರಿ?" ಅಂದ.

"ಮದ್ಲು ನಿಂದು ಸರಿಗೆ ಉಟ್ಕೊ," ಎಂದರು ಮೇಸ್ತ್ರಿ.

"ನಿನ್ನ ಮಗಳು ಹರದದ್ದ ಒಗದು ಕೊಡ್ತಾಳ ಮಾವ. ನಾ ಏನು ಮಾಡ್ಲಿ?"

ಹೀಗೆ ದಿನವೆಲ್ಲ ನಡೆಯುತ್ತಿತ್ತು. ಕೈ ನಿಲ್ಲುತ್ತಿರಲಿಲ್ಲ.

ಕೆಲಸದ ಕ್ರಮವನ್ನು ಹೇಳಬೇಕು, ಮುಂದಿನದೆಲ್ಲ ಅದರೊಳಗೇ ಇದೆ. ಸವಳು ತಿಂದ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ, ಬಿಡಿಬಿಡಿಯಾಗಿ ಹೊಡೆದ ಮರದ ಗೂಟವೂ ಸಡಿಲವಾಗುತ್ತದೆ. ಆದ್ದರಿಂದ ಈ ಕಡೆಯ ಬಡಗಿಗಳು ಗೋಡೆಯುದ್ದಕ್ಕೂ ಎದೆಮಟ್ಟದಲ್ಲಿ ಒಂದೇ ತೋಡು ಕೊರೆದು, ಅದರಲ್ಲಿ ತೇಗದ ಪಟ್ಟಿ ಕೂಡಿಸಿ, ಸುಣ್ಣದ ಗಾರೆಯಿಂದ ಬಿಗಿ ಮಾಡಿ, ಹಲಗೆಯ ಚೌಕಟ್ಟನ್ನು ಆ ಪಟ್ಟಿಗೆ ಜೋಡಿಸುತ್ತಾರೆ. ಹಳೆಯ ಕಲ್ಲುಗೋಡೆ ಹೊರಗೊಂದು ಮೈ, ಒಳಗೊಂದು ಮೈ. ನಡುವೆ ಮಣ್ಣು, ಜಲ್ಲಿ. ಎರಡೂ ಮೈಗಳನ್ನು ಹಿಡಿದಿಡಲು ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲು ಇಟ್ಟಿರುತ್ತಾರೆ. ತೋಡಿನ ದಾರಿಯಲ್ಲಿ ಅಂಥ ಕೆಲವು ಕಲ್ಲುಗಳು ಸಿಕ್ಕವು. ಕಲ್ಲುಕುಟಿಗರು ಅವುಗಳ ಮೂತಿ ಹೊಡೆದು ದಾರಿ ಬಿಡಿಸಿದರು. ಎಲ್ಲ ಮನೆಗಳಲ್ಲೂ ಹಾಗೇ ಮಾಡುತ್ತಿದ್ದರು. ಆ ಗೋಡೆಗಳು ಇವತ್ತಿಗೂ ನಿಂತಿವೆ.

ಈ ಪಡಸಾಲೆಯ ಗೋಡೆಯ ನಡುವೆ, ನೆಲಮಟ್ಟದಿಂದಲೇ, ಹಾಸಿಗೆಗಳನ್ನು ಒಟ್ಟುವ ದೊಡ್ಡ ಗೂಡು ಇತ್ತು. ಒಬ್ಬ ಮನುಷ್ಯ ಕಾಲು ಚಾಚಿ ಕೂರುವಷ್ಟು ಅಗಲ. ಅದರ ನೆತ್ತಿಗೆ ಹಳೆಯ ಮರದ ದಪ್ಪ ಹಲಗೆ, ಅದರ ಮೇಲೆ ಗೋಡೆ, ಗೋಡೆಯ ಮೇಲೆ ಮಾಳಿಗೆಯ ತೊಲೆ. ಬೀಗರಿಗೆ ಹಾಸಿಗೆ ಕಾಣಬಾರದೆಂದು ತೇಗದ ಹೊದಿಕೆಯನ್ನು ಗೂಡಿನ ಮುಂದೆಯೂ ಹಾಯಿಸಿ, ಅದರಲ್ಲಿ ತೆಳುವಾದ ಬಾಗಿಲೊಂದನ್ನು ಇಡುವುದೆಂದು ಮಾತಾಗಿತ್ತು.

ಇನ್ನು ಮೇಲೆ ಮಾಳಿಗೆ. ಜೂನಿನ ಮಿರಗದ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಸವಳು ಮಣ್ಣು ಹಾಕಿ ತುಳಿಯುವುದು ಇಲ್ಲಿ ಎಲ್ಲರ ಮನೆಯ ರೂಢಿ. ಗೋಡೆಯನ್ನು ತಿನ್ನುವ ಆ ಉಪ್ಪುಮಣ್ಣೇ ಮಾಳಿಗೆಯ ಮೇಲೆ ನೀರನ್ನು ತಡೆಯುತ್ತದೆ. ಉಳಿದವರು ಕೆಲವು ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ಇಳಿಸುತ್ತಾರೆ. ಈ ಮನೆಯಲ್ಲಿ ಇಳಿಸುತ್ತಿರಲಿಲ್ಲ. ಏರಿದ ಮಣ್ಣು ಇಳಿದರೆ ಮನೆಯ ಏಳಿಗೆಯೂ ಇಳಿಯುತ್ತದೆಂದು ಸಾವ್ಕಾರರ ಅಜ್ಜನ ಕಾಲದಿಂದ ಬಂದ ನಂಬಿಕೆ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ಕೆಳಗಿನ ಕೆಲಸ ನಮ್ಮದು, ಮೇಲಿನದು ಮನೆಯವರದು. ಎರಡನ್ನೂ ಒಟ್ಟಿಗೆ ನೋಡುವವರು ಯಾರೂ ಇರಲಿಲ್ಲ.

ಗಡಿಯಾರ ಇಟ್ಟು ತಿರುಗಿದಾಗ ಅಳಿಯ ಕಾಣಲಿಲ್ಲ. ಆಗಲೇ ಕೂಡಿಸಿದ್ದ ತೆಳುಬಾಗಿಲಿನಿಂದ ಗೂಡಿನೊಳಕ್ಕೆ ನುಸುಳಿ, ಚೌಕಟ್ಟಿನ ಹಿಂಬದಿಗೆ ಬೆಣೆ ಹೊಡೆಯುತ್ತಿದ್ದ. ಹಲಗೆಯ ಹಿಂದಿನಿಂದ ಅವನ ಸುತ್ತಿಗೆಯ ಸದ್ದು, ಮೇಲಿನಿಂದ ಹೆಂಗಸರು ಮಣ್ಣು ತುಳಿಯುವ ಸದ್ದು.

ಆಮೇಲೆ ಒಂದು ಸದ್ದು ಆಯಿತು, ಒಣಗಿದ ಕೊಂಬೆ ಮುರಿದಂತೆ. ದೊಡ್ಡದೇನೂ ಅಲ್ಲ. ಗೂಡಿನ ನೆತ್ತಿಯ ಹಲಗೆ ಮುರಿದಿತ್ತು. ಗೋಡೆಯ ಒಳಮೈ ತೋಡಿನ ಮೇಲ್ಗಡೆ, ಗಾಳಿ ತುಂಬಿದ ಗೋಣಿಯಂತೆ, ನನ್ನ ಕಣ್ಣೆದುರೇ ಉಬ್ಬಿತು. ಕಲ್ಲುಗಳು ಸರಿದು ಗೂಡಿನೊಳಕ್ಕೆ ಸುರಿದವು. ಪಡಸಾಲೆ ತುಂಬ ಧೂಳು. ಇಳಿದಾಗ ಕಂಡದ್ದು, ಮೇಲಿನ ತೊಲೆ ಒಂದು ಗೇಣು ಜಗ್ಗಿದೆ, ತೇಗದ ಹೊದಿಕೆ ಮುಂದಕ್ಕೆ ಬಾಗಿದೆ. ಬಾಗಿದ್ದರೂ ನಿಂತಿದೆ. ತೆಳುಬಾಗಿಲಿನ ಹಿಂದೆ ಕಲ್ಲು ಒತ್ತಿಕೊಂಡಿತ್ತು. ಎರಡು ಹಲಗೆಗಳ ನಡುವೆ ಮೂರು ಬೆರಳಿನಷ್ಟು ಸಂದು ಬಿಟ್ಟಿತ್ತು.

ಆ ಸಂದಿನಿಂದ ದನಿ ಬಂತು. "ಮಾವ, ನಾ ಅದೀನಿ. ಕಾಲ ಮ್ಯಾಲೆ ಕಲ್ಲು ಕುಂತೈತಿ."

ಮೇಸ್ತ್ರಿ ಬಾಚಿ ಎತ್ತಿಕೊಂಡು ಹಲಗೆಯ ಮೇಲೆ ಬಿದ್ದರು. ಒಂದೇ ಪೆಟ್ಟಿಗೆ ಚೌಕಟ್ಟು ಕಿರ್ರೆಂದಿತು, ತೊಲೆಯಿಂದ ಮತ್ತೆ ಮಣ್ಣು ಜಾರಿತು. ನಾನು ಕೂಗಿದೆ: "ಹಲಗಿ ತಗೀಬ್ಯಾಡ್ರಿ! ಗ್ವಾಡಿ ಹಿಡಿದದ್ದು ಅದೊಂದ!" ಕೂಗಿದೆನೆಂಬುದು ನೆನಪಿದೆ. ಅವರು ನನ್ನ ಕಡೆ ನೋಡಿದ್ದು ನೆನಪಿಲ್ಲ. ಬಾಚಿ ಮೇಲೆತ್ತಿದವರು ಹಾಗೇ ನಿಂತರು. ಆಮೇಲೆ ನಿಧಾನವಾಗಿ ಇಳಿಸಿ, ಸಂದಿಗೆ ಕಿವಿಯಿಟ್ಟು ಕುಕ್ಕರಿಸಿದರು. ನನ್ನ ಮಾತು ಕೇಳಿದರೆಂದುಕೊಂಡೆ.

ಸಾವ್ಕಾರರು ಓಡಿ ಬಂದರು, ಕಾಲಲ್ಲಿ ಒಂದೇ ಚಪ್ಪಲಿ. "ಏನು ಮಾಡೋಣು? ನೀವು ಓದಿದವ್ರು, ಹೇಳ್ರಿ."

ಮಾಡಬೇಕಾದದ್ದು ಎರಡು: ತೊಲೆಗೆ ಆಸರೆ ಕೊಡಬೇಕು, ಮಾಳಿಗೆಯ ಭಾರ ಇಳಿಸಬೇಕು. ಅದಾಗದೆ ಹಲಗೆ ಬಿಚ್ಚುವಂತಿಲ್ಲ. ಹೇಳಿದೆ. ಆದರೆ ಹೇಳುವಾಗಲೇ ಎದೆಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. ಇದಕ್ಕೆ ಹೊತ್ತು ಹಿಡಿಯುತ್ತದೆ, ಅವನ ಕಾಲ ಮೇಲೆ ಕಲ್ಲು ಕೂತಿದೆ.

ಮೊದಲು ಅಂಗಳದ ಬಿದಿರು ತಂದು ಕೊಟ್ಟೆವು, ಬಾಗಿತು. ಬಂಡಿಯ ಮೂಕಿಮರಗಳನ್ನು ಬಿಚ್ಚಿ ತಂದೆವು. ಒಂದು ಮೊಳ ಗಿಡ್ಡ. ಕಲ್ಲಿನ ಮೇಲೆ ಕಲ್ಲಿಟ್ಟು ಎತ್ತರಿಸಿದರೆ ನುಣುಪು ಹಾಸುಗಲ್ಲಿನ ನೆಲದಲ್ಲಿ ಜಾರುತ್ತಿದ್ದವು. ಆಗ ಸಾವ್ಕಾರರ ಹಿಂದಿನ ಗೋದಾಮು ನೆನಪಾಯಿತು. ಪ್ರೆಸ್ಸಿನಲ್ಲಿ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದ ಹತ್ತಿ ಬೇಲುಗಳು. ಕಲ್ಲಿನಷ್ಟು ಗಟ್ಟಿ, ಆದರೆ ಕಲ್ಲಿನಂತೆ ಸಿಡಿಯುವುದಿಲ್ಲ. ಭಾರ ಬಿದ್ದರೆ ತುಸು ಕುಸಿದು ಮತ್ತೆ ಬಿಗಿಯುತ್ತವೆ. ಅವನ್ನೇ ಒಂದರ ಮೇಲೊಂದು ಒಟ್ಟಿ ತೊಲೆಯ ಕೆಳಗೆ ಕಂಬ ಮಾಡೋಣ ಎಂದೆ.

ಹಮಾಲರು ಕಬ್ಬಿಣದ ಕೊಕ್ಕೆ ಹಾಕಿ ಬೇಲುಗಳನ್ನು ಉರುಳಿಸಿ ತಂದರು. ನೆಲ ಜಾರದಂತೆ ಗೋಣಿ ತೊಯಿಸಿ ಹಾಸಿದೆವು. ಮೊದಲ ಒಟ್ಟು ಅರ್ಧಕ್ಕೆ ಬಂದಾಗ ಓರೆಯಾಯಿತು. ಇಳಿಸಿ ಮತ್ತೆ ಕಟ್ಟಬೇಕಾಯಿತು. ಆ ಕೆಲಸದ ಒಂದೊಂದು ಗಳಿಗೆಯೂ ಸಂದಿನ ಆಚೆ ಕೂತವನ ಗಳಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಮಾಲರು ಎಂದಿನಂತೆ ಐಸಾ ಎಂದು ಕೂಗು ಹಾಕಲಿಲ್ಲ, ಬಾಯಿ ಕಚ್ಚಿಕೊಂಡು ಎತ್ತಿದರು.

ಮಾಳಿಗೆಯ ಮಾತು ಬಂದಾಗ ಸಾವ್ಕಾರರು ತಾಯಿಯ ಮುಖ ನೋಡಿದರು. ಎಲ್ಲರೂ ಅತ್ತಲೇ ನೋಡಿದರು. ಆ ಮುದುಕಿ ತೂಗುಮಣೆಯಿಂದ ಎದ್ದು ಕಂಬ ಹಿಡಿದು ನಿಂತಿದ್ದರು.

"ನನ್ನ ಮಾರಿ ಏನು ನೋಡ್ತೀರಿ?" ಅಂದರು. "ಇಳಸ್ರಿ. ನಮ್ಮ ಮಾವ ಏರಿಸಿದ್ದೂ ಇಳಸ್ರಿ. ಒಬ್ಬರ ಮಗ ಮಣ್ಣಾಗ ಕುಂತಾನ, ಇನ್ನ ಯಾತರ ಏಳಿಗಿ?"

ಸಾವ್ಕಾರರ ಗಂಡಾಳುಗಳು ಏಣಿ ಹತ್ತಲು ಹೋದರು. ಮೇಲೆ ಮಣ್ಣು ತುಳಿಯುತ್ತಿದ್ದ ಹೆಂಗಸರು ಸದ್ದು ಕೇಳಿದಾಗಲೇ ಪಕ್ಕದ ಮನೆಯ ಮಾಳಿಗೆಗೆ ದಾಟಿ ನಿಂತಿದ್ದರು. ಅವರಲ್ಲಿ ಹಿರಿಯಳು ಕೈ ಅಡ್ಡ ಹಿಡಿದಳು. "ಒದ್ದು ಸಾಮಿ. ಮೀರು ಬರುವು, ಮೇಮು ತೇಲಿಕ. ನೀವು ಭಾರ, ನಾವು ಹಗುರ. ಗಂಡಸ್ರು ಉಂಡು ಉಂಡು ಕಲ್ಲಾಗೀರಿ, ನೀವು ಹತ್ತಿದ್ರ ಇದ್ದದ್ದೂ ಬೀಳ್ತೈತಿ." ನಗುವಂಥ ಹೊತ್ತಲ್ಲ, ಆದರೂ ಯಾರೋ ನಕ್ಕರು. ಆ ಹೆಂಗಸರೇ ಪಕ್ಕದ ಮಾಳಿಗೆಯ ಅಂಚಿನಿಂದ, ತೊಲೆಯ ಮೇಲೆ ಕಾಲಿಡದೆ, ಬುಟ್ಟಿಯಿಂದ ಬುಟ್ಟಿಗೆ ಮಣ್ಣು ಸಾಗಿಸಿ ಓಣಿಗೆ ಸುರಿದರು. ಮಳೆಗೂ ಕಾಲಕ್ಕೂ ಕಪ್ಪಾದ ಮಣ್ಣು, ಪದರ ಪದರವಾಗಿ ಬಂತು. ಓಣಿ ಅರ್ಧ ಮುಚ್ಚಿಹೋಯಿತು.

ಈ ನಡುವೆ ನಾನು ಸಂದಿನ ಹತ್ತಿರ ಹೋದಾಗಲೆಲ್ಲ ಮಾವ ಅಳಿಯ ಮಾತಾಡುತ್ತಲೇ ಇದ್ದರು.

"ಕಾಲು ಅದಾವೇನಲೇ?"

"ಅದಾವ. ನನ್ನವ ಅನ್ನಸಾಕ ಒಲ್ಲವು."

"ನೀರು ಬೇಕೇನು?"

"ಓವರ್ಸೀರಪ್ಪನ ನಕ್ಷೆಯೊಳಗ ನೀರಿನ ದಾರಿ ಬರದಿಲ್ಲ ಮಾವ."

ಬಟ್ಟೆಯ ತುದಿ ತೊಯಿಸಿ, ತೆಳು ಪಟ್ಟಿಗೆ ಸುತ್ತಿ ಒಳಗೆ ಚಾಚಿದೆವು. ಅವನು ಚೀಪಿದ ಸದ್ದು ಕೇಳಿಸಿತು. ಆ ಸದ್ದು ನನಗೆ ಇಂದೂ ಕೇಳಿಸುತ್ತದೆ.

ಇಳಿಹೊತ್ತಿನ ಬಿಸಿಲು ಪಡಸಾಲೆಯ ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ ಎರಡು ಬೇಲುಕಂಬಗಳು ಎದ್ದು ನಿಂತವು. ತೊಲೆಗೂ ಬೇಲುಗಳಿಗೂ ನಡುವೆ ಹುಣಸೆಮರದ ಬೆಣೆ ಹೊಡೆದೆವು. ಬೇಲುಗಳು ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ, ಕುಸಿದು, ನಿಂತವು. ಮಣ್ಣು ಉದುರುವುದು ನಿಂತಿತು. ಆಗ ಮೇಸ್ತ್ರಿಗೆ "ಈಗ ಬಿಚ್ಚರಿ" ಎಂದೆ.

ಅವರು ಹಲಗೆಯನ್ನು ಒಡೆಯಲಿಲ್ಲ. ಕೂಡಿಸಿದ ಕ್ರಮದಲ್ಲೇ ಬಿಡಿಸಿದರು. ದೂರದ ತುದಿಯಿಂದ ಬೆಣೆ ಹಿರಿದು, ಚೌಕಟ್ಟು ಸಡಿಲಿಸಿ, ಒಂದು ಹಲಗೆ ಸರಿಸುವುದು, ಹಿಂದಿನ ಕಲ್ಲುಗಳನ್ನು ತೆಗೆಯುವುದು, ಮತ್ತೊಂದು ಹಲಗೆ. ಕೊನೆಯ ಹಲಗೆಗೆ ಆನಿಕೊಂಡಿದ್ದ ದೊಡ್ಡ ಕಲ್ಲನ್ನು ನಾಲ್ವರು ಹಿಡಿದು ಇಳಿಸಿದಾಗ ಅವನ ಮುಖ ಕಂಡಿತು. ಬೂದಿ ಬಳಿದಂತೆ ಬೆಳ್ಳಗೆ. ನಕ್ಕ.

"ಧೋತರ ಬಿಚ್ಚಿದ್ರಿ? ಗ್ವಾಡಿಗೆ ನಾಚಿಕಿ ಬಂದೀತು."

ಬಂಡಿಯಲ್ಲಿ ಹತ್ತಿ ಹಾಸಿ ಆಸ್ಪತ್ರೆಗೆ ಕರೆದೊಯ್ದೆವು. ಮೂಳೆ ಮುರಿದಿರಲಿಲ್ಲ, ಕಾಲು ಮಾತ್ರ ಜಜ್ಜಿ ಹಲಗೆಯಂತಾಗಿದ್ದವು. ಉಳಿದನೆಂದು ಎಲ್ಲರೂ ಅಂದುಕೊಂಡೆವು. ಮೇಸ್ತ್ರಿಯ ಮಗಳು ಊರಿನಿಂದ ಬಂದು ಗಂಜಿ ಕುಡಿಸಿದಳು, "ಇನ್ನ ಮ್ಯಾಲೆ ಗೂಡಿನ್ಯಾಗ ಕುಂದ್ರೂದಿದ್ರ ಮನ್ಯಾಗ ಕುಂದ್ರು" ಎಂದು ಬೈದಳು. ಮರುದಿನ ಮೂತ್ರ ಕೆಂಪಾಯಿತು, ಆಮೇಲೆ ನಿಂತೇ ಹೋಯಿತು. ಮೂರನೆಯ ದಿನ ಅವನು ಯಾರನ್ನೂ ಗುರುತಿಸಲಿಲ್ಲ. ಅಂದೇ ಹೋದ.

ವೈದ್ಯರು ಒಳ್ಳೆಯವರು. ಬಹಳ ಹೊತ್ತು ಒತ್ತಿ ಕೂತ ಮಾಂಸದಿಂದ ವಿಷ ರಕ್ತಕ್ಕೆ ಇಳಿಯುತ್ತದೆಂದು ನನಗೆ ಬಿಡಿಸಿ ಹೇಳಿದರು. "ಬೇಗ ತೆಗೆದಿದ್ದರೆ?" ಎಂದು ಕೇಳಿದೆ. "ಉಳಿಯಬಹುದಿತ್ತು. ಉಳಿಯದೆಯೂ ಇರಬಹುದಿತ್ತು," ಅಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಗೋಡೆಯ ಪಕ್ಕ ಮಲಗಲಾಗುತ್ತಿರಲಿಲ್ಲ. ಹಾಸಿಗೆಯನ್ನು ಅಂಗಳದ ನಡುವೆ ಎಳೆದುಕೊಳ್ಳುತ್ತಿದ್ದೆ. ಇಲಿ ಸೂರಿನಲ್ಲಿ ಓಡಿ ಎರಡು ಕಾಳು ಮಣ್ಣು ಬಿದ್ದರೆ ಎದ್ದು ಕೂರುತ್ತಿದ್ದೆ. ಎಚ್ಚರವಾಗಿದ್ದಾಗ ಲೆಕ್ಕ ಹಾಕುತ್ತಿದ್ದೆ. ಬಿದಿರಿಗೆ ಹೋದ ಹೊತ್ತು, ಮೂಕಿ ಬಿಚ್ಚಿದ ಹೊತ್ತು, ಓರೆಯಾದ ಒಟ್ಟನ್ನು ಇಳಿಸಿದ ಹೊತ್ತು. ಮೊದಲೇ ಬೇಲು ಹೊಳೆದಿದ್ದರೆ? ಹಲಗೆ ಒಡೆಯಲು ಬಿಟ್ಟಿದ್ದರೆ? ಗೋಡೆ ನಿಲ್ಲುತ್ತಿತ್ತೇನೋ. ಮಾವನ ಬಾಚಿಯನ್ನು ತಡೆದವನು ನಾನು ಎಂಬಲ್ಲಿಗೆ ಪ್ರತಿ ಸಲವೂ ಬಂದು ನಿಲ್ಲುತ್ತಿದ್ದೆ. ಹಗಲಲ್ಲಿ ಪತ್ತಿಕೊಂಡದ ಕಡೆ ಶಾಲೆಯ ಕಟ್ಟಡವೊಂದರ ಕೆಲಸ ಮಾಡಿಸುತ್ತಿದ್ದೆ. ಆಳುಗಳು ಗೋಡೆಯ ಬುಡದಲ್ಲಿ ಬುತ್ತಿ ಬಿಚ್ಚಿದರೆ ಎಬ್ಬಿಸಿ ಮರದ ಕೆಳಗೆ ಕಳಿಸುತ್ತಿದ್ದೆ. ಅವರು ನನ್ನ ಹಿಂದೆ ನಗುತ್ತಿದ್ದರು.

ಸಾವ್ಕಾರರು ಆ ಗೋಡೆಯನ್ನು ಬುಡದಿಂದ ಕಟ್ಟಿಸಿದರು. ನಿಶ್ಚಿತಾರ್ಥ ಬೀಗರ ಊರಲ್ಲೇ ಆಯಿತು. ಬಿಚ್ಚಿದ ತೇಗದ ಹಲಗೆಗಳು ಗೋದಾಮಿನಲ್ಲಿದ್ದವು. ದೀಪಾವಳಿ ಹತ್ತಿರವಿದ್ದಾಗ ಅವರ ತಾಯಿ ನನ್ನನ್ನು ಕರೆಸಿದರು. "ಆ ಹಲಗಿ ನನ್ನ ಮನ್ಯಾಗ ಬ್ಯಾಡ. ಯಾರ ಕೈ ಮಾಡಿದವೋ ಅವರಿಗೆ ಮುಟ್ಟಲಿ. ನೀನ ಒಯ್ದು ಕೊಡು," ಎಂದರು. ಬೇರೆಯವರನ್ನು ಕಳಿಸಿ ಎಂದು ಹೇಳಲು ಬಾಯಿ ತೆರೆದೆ. ಆಕೆ ಆಗಲೇ ಬಂಡಿ ಕಟ್ಟಿಸಿದ್ದರು.

ಪೆದ್ದಕಡುಬೂರು ಮುಟ್ಟಿದಾಗ ಸಂಜೆಯಾಗಿತ್ತು. ಮೇಸ್ತ್ರಿ ಬಂಡಿಯ ಗಾಲಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಗುಂಬದಿಂದ ಅಂಚಿಗೆ ಅರೆಕಾಲು ಕೂಡಿಸುತ್ತಿದ್ದರು. ಮಗಳು ಕಟ್ಟೆಯ ಗೋಡೆಗೆ ಕಾರಣೆ ಬಳಿಯುತ್ತಿದ್ದಳು, ಮೊಣಕೈ ತನಕ ಕೆಮ್ಮಣ್ಣು. ನನ್ನನ್ನು ಕಂಡು ಸೆರಗು ಸರಿಪಡಿಸಿ ಒಳಗೆ ಹೋಗಿ ನೀರು ತಂದಿಟ್ಟಳು. ಹಲಗೆಗಳನ್ನು ಇಳಿಸುವಾಗ ಮೇಸ್ತ್ರಿ ಒಂದೊಂದನ್ನೂ ತಿರುಗಿಸಿ ನೋಡಿದರು. ತಾವು ಬಾಚಿಯಿಂದ ಹೊಡೆದ ಗಾಯದ ಮೇಲೆ ಹೆಬ್ಬೆರಳಾಡಿಸಿದರು.

ಆಡಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಆಗ ಹೇಗೋ ಹೇಳಿಬಿಟ್ಟೆ. "ಅವತ್ತು ನಾ ನಿಮ್ಮ ಕೈ ತಡೀಬಾರದಿತ್ತೇನೋ ಮೇಸ್ತ್ರಿ. ನೀವು ಹಲಗಿ ಒಡದಿದ್ರ..."

ಮೇಸ್ತ್ರಿ ತಲೆ ಎತ್ತಿದರು. ಸಿಟ್ಟು ಬಂದಿತ್ತೆಂದು ಕಾಣುತ್ತದೆ.

"ನೀವು ಬ್ಯಾಡ ಅಂದ್ರಿ ಅಂತ ನಾ ಬಾಚಿ ಇಳಿಸಿದೆ ಅಂತ ತಿಳ್ಕೊಂಡೀರೇನು? ನನ್ನ ಅಳಿಯ ಒಳಗ ಕುಂತಾನ. ನಿಮ್ಮ ಮಾತು ಯಾರು ಕೇಳ್ತಿದ್ರು, ಓವರ್ಸೀರಪ್ಪಾ? ಪ್ಯಾಟ್ಯಾಗ ಓದಿ ಬಂದ್ರ ಎಲ್ಲಾರ ಕೈಯೂ ನಿಮ್ಮ ಕೈ ಆಗ್ತಾವೇನು?"

ಅವರು ದನಿ ಇಳಿಸಿದರು. ಮಗಳಿಗೆ ಕೇಳಬಾರದೆಂದೋ, ದನಿಯೇ ಇಳಿಯಿತೋ.

"ಅಂವ ಅಂದ: 'ಮಾವ, ಬಾಚಿ ಇಳಸು. ದೊಡ್ಡ ಕಲ್ಲು ಬಂದು ಹಲಗಿಗೆ ಆನಿಕೊಂಡೈತಿ, ಅದರ ಹಿಂದ ಗ್ವಾಡಿ ಐತಿ. ನೀ ತಗದ್ರ ಇಬ್ಬರೂ ಹೋಗ್ತೀವಿ. ನಿನ್ನ ಮಗಳಿಗೆ ಮನ್ಯಾಗ ಒಬ್ಬ ಗಂಡಸಾದ್ರೂ ಬೇಕಲ್ಲ.' ಎರಡನೇ ಪೆಟ್ಟಿಗೆ ಕೈ ಎತ್ತೀನಿ, ಆಗ ಅಂದ. ಒಳಗ ಕುಂತಾಂವಗ ಕಾಣ್ತಿತ್ತು. ನನಗೂ ಕಾಣ್ತಿರಲಿಲ್ಲ, ನಿಮಗೂ ಇಲ್ಲ. ಅಂವ ಮಾಡಿದ್ದನ್ನ ನೀವು ಒಯ್ದು ನಿಮ್ಮ ತಲಿ ಮ್ಯಾಲೆ ಇಟ್ಕೋಬ್ಯಾಡ್ರಿ. ಅದು ಅಂವಂದು."

ಆಮೇಲೆ ಗಾಲಿಯ ಕಡೆ ತಿರುಗಿದರು. ಅರೆಕಾಲು ಕೂಡುವ ತನಕ ಗಾಲಿಯ ಇನ್ನೊಂದು ಅಂಚನ್ನು ನಾನು ಹಿಡಿದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅವರ ಮಗಳು ರೊಟ್ಟಿ, ಪುಂಡಿಪಲ್ಯ ತಂದಿಟ್ಟು, "ಬಂಡಿ ಎತ್ತು ದಣದಾವ, ಮುಂಜಾನೆ ಹೋಗ್ರಿ" ಎಂದಳು. ಉಂಡು ಕಟ್ಟೆಯ ಮೇಲೆ ಕೂತೆ. ಕಂಬಳಿ ಯಾರು ಹೊದಿಸಿದರೋ ಗೊತ್ತಿಲ್ಲ.

ಎಚ್ಚರವಾದದ್ದು ಅವಳ ಮಾತಿಗೆ. ಬಿಸಿಲು ಬಂದಿತ್ತು. "ಎಬ್ಬಸಬ್ಯಾಡಪ್ಪಾ. ಹಸಿ ಕಾರಣಿಗೆ ಬೆನ್ನು ಕೊಟ್ಟು ಮಲಗ್ಯಾರ. ಬಳದದ್ದು ಹೋದ್ರ ಹೋತು, ಇನ್ನೊಮ್ಮೆ ಬಳೀತೀನಿ."

ಎದ್ದು ಕೂತೆ. ಗೋಡೆಯ ಮೇಲೆ, ಕೆಮ್ಮಣ್ಣು ಅಳಿಸಿ, ನನ್ನ ಬೆನ್ನಿನಗಲದ ಗುರುತು ಬಿದ್ದಿತ್ತು. ಆದೋನಿಗೆ ಮರಳಿದ ಮೇಲೆ ನನ್ನ ತಾಯಿ ಅಂಗಿ ಒಗೆಯಲು ತೆಗೆದುಕೊಂಡು, ಬೆನ್ನ ತುಂಬ ಇದೇನು ಕೆಂಪು ಎಂದು ಕೇಳಿದರು. ರಾತ್ರಿಯೆಲ್ಲ ಗೋಡೆಗೆ ಒರಗಿ ನಿದ್ದೆ ಮಾಡಿದೆ ಎಂದೆ.